ಹೂವು ಯಾವುದು, ನಾರು ಯಾವುದು?

ಸಂಪಾದಕ ಮಹಾಶಯರು ಈ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಕೇಳುವಾಗ ಜೊತೆಗೇ ಒಂದು ಷರತ್ತನ್ನೂ ಹಾಕಿದರು: "ನಿಮ್ಮ ಕೆಮಿಸ್ಟ್ರಿ ಬೇಡ, ಮನೆಮಂದಿಯೆಲ್ಲ ಓದುವಂಥದ್ದು ಬರೆಯಿರಿ." ಅವರ ಭಯ ನನಗೆ ಅರ್ಥವಾಗುತ್ತದೆ. ರಸಾಯನ ವಿಜ್ಞಾನದವರ ಕೈಗೆ ಲೇಖನಿ ಕೊಟ್ಟರೆ ಸಾರಿಗೆ ಹುಣಿಸೆಹಣ್ಣು ಏಕೆ ಹಿಂಡಬೇಕು ಎಂಬಲ್ಲಿಂದ ಹೊರಟು ಆಮ್ಲ-ಕ್ಷಾರಗಳ ಪಾಠಕ್ಕೇ ಬಂದು ನಿಲ್ಲುತ್ತಾರೆ. ಆದ್ದರಿಂದ ನಮ್ಮ ಎವರ್‌ಗ್ರೀನ್ ಬಡಾವಣೆಯ ಕನ್ನಡದ ಮನೆಗಳಲ್ಲಿ ದೀಪಾವಳಿಯಿಂದ ಕ್ರಿಸ್‌ಮಸ್‌ವರೆಗೆ ತಪ್ಪದೆ ನಡೆಯುವ ಒಂದು ವಾಗ್ವಾದವನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ. ಮಕ್ಕಳಿಗೆ ವಿಡಿಯೋ ಗೇಮ್ ಕನ್ಸೋಲ್ ಕೊಡಿಸಬೇಕೇ, ಬೇಡವೇ?

ಮಕ್ಕಳ ವಾದ ನಿಮಗೆಲ್ಲ ಗೊತ್ತಿರುವುದೇ. "ಅಮ್ಮಾ, ಇದು ಬರೀ ಆಟಕ್ಕಲ್ಲ, ಇದರಲ್ಲಿ ಸಿನಿಮಾನೂ ಬರುತ್ತೆ, ಅಜ್ಜಿ ಯೂಟ್ಯೂಬ್ ಕೂಡ ನೋಡಬಹುದು!" ಒಂಬತ್ತು ವರ್ಷದ ನನ್ನ ಮಗನೂ ಅಜ್ಜಿಯನ್ನೇ ಮುಂದೆ ಬಿಟ್ಟು ಗೆದ್ದವನು. ಆದರೆ ಇದೇ ವಾದವನ್ನು ದೊಡ್ಡವರೂ ಸ್ವಲ್ಪ ಗಂಭೀರವಾದ ಭಾಷೆಯಲ್ಲಿ ಹೇಳುವುದುಂಟು. ಮನೆಯ ಮನರಂಜನೆಗೆ ಸಂಬಂಧಿಸಿದ ಹೊಸ ತಂತ್ರಜ್ಞಾನ ಯಾವುದೇ ಇರಲಿ, ಅದು ಸಂಸಾರಸ್ಥರ ಮನೆಯ ಹೊಸಿಲು ದಾಟುವುದು ಆಟದ ಪೆಟ್ಟಿಗೆಯ ಬೆನ್ನೇರಿಯೇ ಎಂಬುದು ನಮ್ಮವರ ಸಿದ್ಧಾಂತ. ಡಿ.ವಿ.ಡಿ. ಹಾಗೆಯೇ ಬಂತು, ಬ್ಲೂ-ರೇ ಹಾಗೆಯೇ ಬಂತು ಎಂದು ಅವರು ಬೆರಳು ಮಡಚಿ ಎಣಿಸುತ್ತಾರೆ. ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಎಂಬ ನಮ್ಮ ಗಾದೆಯನ್ನು ಇದಕ್ಕೆ ಅನ್ವಯಿಸಿದರೆ, ಆಟ ಹೂವು, ತಂತ್ರಜ್ಞಾನ ನಾರು ಎಂದಾಯಿತು. ಇದು ಎಷ್ಟರಮಟ್ಟಿಗೆ ನಿಜ? ಹೂವು ಯಾವುದು, ನಾರು ಯಾವುದು? ನೋಡೋಣ.

ಮೊದಲಿಗೆ ಒಂದು ಮಾತು. ನಮ್ಮ ಕಣಿವೆಗೂ ಆಟದ ಪೆಟ್ಟಿಗೆಗೂ ಇರುವುದು ಬಾದರಾಯಣ ಸಂಬಂಧವಲ್ಲ, ತೌರಿನ ಸಂಬಂಧ. ನೋಲನ್ ಬುಶ್‌ನೆಲ್ ಮತ್ತು ಟೆಡ್ ಡ್ಯಾಬ್ನಿ 1972ರಲ್ಲಿ ಅಟಾರಿ ಕಂಪನಿಯನ್ನು ಕಟ್ಟಿ, ಅದೇ ವರ್ಷ 'ಪಾಂಗ್' ಆಟದ ಮೊದಲ ಯಂತ್ರವನ್ನು ಸನ್ನಿವೇಲ್‌ನ ಒಂದು ಪಾನಗೃಹದಲ್ಲಿ ಇಟ್ಟರು. ಅದೇ 1972ರಲ್ಲಿ ಮನೆಯ ಟಿ.ವಿ.ಗೆ ಜೋಡಿಸುವ ಮೊದಲ ಆಟದ ಪೆಟ್ಟಿಗೆ 'ಒಡಿಸ್ಸಿ' ಮಾರುಕಟ್ಟೆಗೆ ಬಂತು. ಅದರ ಜನಕ ರಾಲ್ಫ್ ಬೇಯರ್, ತಯಾರಿಸಿದ್ದು ಮ್ಯಾಗ್ನವಾಕ್ಸ್ ಕಂಪನಿ. ಆಟದ ತುಣುಕನ್ನು ಬೇರೆ ಬೇರೆ ಕಾರ್ಟ್ರಿಜ್‌ಗಳಲ್ಲಿಟ್ಟು ಬದಲಾಯಿಸುತ್ತ ಆಡುವ ಕ್ರಮವನ್ನು 1976ರಲ್ಲಿ ತಂದದ್ದು ನಮ್ಮ ಕಣಿವೆಯ ಫೇರ್‌ಚೈಲ್ಡ್ ಕಂಪನಿ. ಆ ತಂಡದ ಮುಂದಾಳು ಜೆರ್ರಿ ಲಾಸನ್ ಎಂಬ ಕರಿಯ ಎಂಜಿನಿಯರು. ಮರುವರ್ಷ ಅಟಾರಿಯ ಪೆಟ್ಟಿಗೆ ಬಂದು ಮನೆಮಾತಾಯಿತು.

ಈ ಮೊದಲ ತಲೆಮಾರಿನ ಪೆಟ್ಟಿಗೆಗಳು ಮನೆಗೆ ಯಾವ ಹೊಸ ತಂತ್ರಜ್ಞಾನವನ್ನು ತಂದವು? ತಮ್ಮನ್ನು ಬಿಟ್ಟರೆ ಬೇರೇನನ್ನೂ ತರಲಿಲ್ಲ. ಅಮೆರಿಕದಲ್ಲಿ ಆಗಲೇ ಬಹುತೇಕ ಎಲ್ಲ ಮನೆಗಳಲ್ಲೂ ಟಿ.ವಿ. ಇತ್ತು. ಅದರ ಹಿಂಬದಿಯ ಆಂಟೆನಾ ತಿರುಪುಗಳಿಗೆ ತಂತಿ ಸಿಕ್ಕಿಸಿ, ಚಾನೆಲ್ಲನ್ನು ಮೂರಕ್ಕೋ ನಾಲ್ಕಕ್ಕೋ ತಿರುಗಿಸಿದರೆ ಆಟ ಸಿದ್ಧ. ಇಲ್ಲಿ ಟಿ.ವಿ.ಯೇ ಹೂವು, ಆಟವೇ ನಾರು.

ನಮ್ಮ ನಾಡಿನಲ್ಲಿಯೂ ಅಷ್ಟೇ. ಕರ್ನಾಟಕದ ಹಳ್ಳಿಗಳಿಗೆ ಟಿ.ವಿ. ಮೊದಲು ಬಂದದ್ದು ಆಟಕ್ಕಲ್ಲ, ಪಾಠಕ್ಕೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ನಡೆದ 'ಸೈಟ್' ಪ್ರಯೋಗದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಸಮುದಾಯ ಟಿ.ವಿ.ಗಳನ್ನಿಟ್ಟು ಬೇಸಾಯ, ಆರೋಗ್ಯ, ಶಾಲಾ ಪಾಠಗಳನ್ನು ತೋರಿಸಿದರು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟ ಬಣ್ಣವನ್ನು ತಂದಿತು. 1987ರಲ್ಲಿ ಶುರುವಾದ ಭಾನುವಾರ ಬೆಳಗಿನ 'ರಾಮಾಯಣ' ಮಿಕ್ಕವರನ್ನೂ ಅಂಗಡಿಗೆ ಓಡಿಸಿತು. ದಾವಣಗೆರೆಯ ನಮ್ಮ ಮನೆಗೆ ಟಿ.ವಿ. ಬಂದದ್ದೂ ರಾಮಾಯಣದ ಪುಣ್ಯದಿಂದಲೇ. ಆಟದ ಪೆಟ್ಟಿಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ, ತೊಂಬತ್ತರ ದಶಕದ ನಡುವೆ, ಚಿಕ್ಕಪ್ಪ ಬೆಂಗಳೂರಿನ ಮೆಜೆಸ್ಟಿಕ್ಕಿನಿಂದ ಕೊಂಡು ತಂದಾಗ. ಕಾರ್ಟ್ರಿಜ್ ಮೇಲೆ '99 ಆಟಗಳು' ಎಂದು ಅಚ್ಚಾಗಿತ್ತು. ಎಣಿಸಿ ನೋಡಿದರೆ ಇದ್ದದ್ದು ಏಳೆಂಟು, ಮಿಕ್ಕವೆಲ್ಲ ಅವೇ ಆಟಗಳು ವೇಷ ಬದಲಾಯಿಸಿ ಬಂದವು. ಆ ಪೆಟ್ಟಿಗೆಯ ಸಲುವಾಗಿ ನಮ್ಮ ಬೀದಿಯಲ್ಲಿ ಯಾರೂ ಹೊಸ ಟಿ.ವಿ. ಕೊಳ್ಳಲಿಲ್ಲ. ಟಿ.ವಿ. ಇದ್ದವರ ಮನೆಗೆ ಅದು ಬಂದು ಸೇರಿಕೊಂಡಿತು, ಅಷ್ಟೇ.

ಕಥೆ ತಿರುವು ಪಡೆದದ್ದು 2000ನೇ ಇಸವಿಯಲ್ಲಿ. ಸೋನಿ ಕಂಪನಿಯ ಪ್ಲೇಸ್ಟೇಷನ್ 2 ಆ ವರ್ಷದ ಮಾರ್ಚ್ 4ರಂದು ಜಪಾನಿನಲ್ಲಿ 39,800 ಯೆನ್‌ಗೆ, ಅಕ್ಟೋಬರ್ 26ರಂದು ಅಮೆರಿಕದಲ್ಲಿ 299 ಡಾಲರಿಗೆ ಮಾರಾಟಕ್ಕೆ ಬಂತು. ಅದು ಡಿ.ವಿ.ಡಿ. ಸಿನಿಮಾಗಳನ್ನೂ ತೋರಿಸುತ್ತಿತ್ತು. ಡಿ.ವಿ.ಡಿ. ಆಗ ತೀರಾ ಹೊಸದೇನಲ್ಲ. ಜಪಾನಿನಲ್ಲಿ 1996ರಿಂದಲೂ ಅಮೆರಿಕದಲ್ಲಿ 1997ರಿಂದಲೂ ಅಂಗಡಿಯಲ್ಲಿತ್ತು. ಆದರೆ ಬರೀ ಡಿ.ವಿ.ಡಿ. ಪ್ಲೇಯರಿಗೇ ಇನ್ನೂರು ಡಾಲರಿನ ಆಸುಪಾಸು ತೆರಬೇಕಾಗಿದ್ದ ಕಾಲ ಅದು. ಮಗನಿಗೆ ಆಟ, ಮನೆಗೆ ಸಿನಿಮಾ, ಎರಡಕ್ಕೂ ಒಂದೇ ಖರ್ಚು ಎಂದಾಗ ಅಪ್ಪಂದಿರು ಕರಗಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಸಂಘದ ಹಿರಿಯ ಸದಸ್ಯರನೇಕರು ತಮ್ಮ ಮನೆಯ ಮೊದಲ ಡಿ.ವಿ.ಡಿ. ಪ್ಲೇಯರ್ ಅದೇ ಎಂದು ಹೇಳುವುದನ್ನು ಕೇಳಿದ್ದೇನೆ. ಆ ಪೆಟ್ಟಿಗೆ ಒಟ್ಟು 15 ಕೋಟಿಗೂ ಮಿಕ್ಕು ಮಾರಾಟವಾಯಿತು. ಅದಕ್ಕೆ ಎದುರಾಳಿಯಾಗಿದ್ದ ಸೇಗಾ ಕಂಪನಿಯ ಡ್ರೀಮ್‌ಕಾಸ್ಟ್ ಡಿ.ವಿ.ಡಿ. ಓದುತ್ತಿರಲಿಲ್ಲ. 2001ರಲ್ಲಿ ಅದರ ತಯಾರಿಕೆಯೇ ನಿಂತಿತು. ಅದರ ಸೋಲಿಗೆ ಬೇರೆ ಕಾರಣಗಳೂ ಇದ್ದವೆನ್ನಿ. ಆದರೂ ನಮ್ಮವರ ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ.

ಇಲ್ಲಿ ಸಂಪಾದಕರ ಷರತ್ತನ್ನು ಸ್ವಲ್ಪ ಸಡಿಲಿಸಿಕೊಳ್ಳಲು ಅಪ್ಪಣೆ ಕೇಳುತ್ತೇನೆ. ಏಕೆಂದರೆ ನನ್ನ ದಿನನಿತ್ಯದ ಕೆಲಸವೇ ಕ್ರಿಯಾವರ್ಧಕಗಳ ಜೊತೆಗೆ. ಹೈಸ್ಕೂಲಿನಲ್ಲಿ ನೀವು ನೋಡಿರಬಹುದು. ಹೈಡ್ರೋಜನ್ ಪೆರಾಕ್ಸೈಡ್ ಶೀಸೆಯಲ್ಲಿ ತಿಂಗಳುಗಟ್ಟಲೆ ಇದ್ದರೂ ಬಹಳ ನಿಧಾನವಾಗಿ ಒಡೆದು ನೀರೂ ಆಮ್ಲಜನಕವೂ ಆಗುತ್ತಿರುತ್ತದೆ. ಅದಕ್ಕೆ ಒಂದು ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡಿನ ಕಪ್ಪು ಪುಡಿ ಹಾಕಿ, ಬುಸ್ಸೆಂದು ನೊರೆ ಉಕ್ಕುತ್ತದೆ. ಅದೇ ಚಿಟಿಕೆ ಪುಡಿಯನ್ನು ಬರೀ ನೀರಿಗೆ ಹಾಕಿ, ಏನೂ ಆಗುವುದಿಲ್ಲ. ಆಗಬೇಕಾದ ಕೆಲಸವನ್ನು ಬೇಗ ಆಗಿಸುವುದಷ್ಟೇ ಕ್ರಿಯಾವರ್ಧಕದ ಸಾಮರ್ಥ್ಯ, ಆಗದ್ದನ್ನು ಆಗಿಸುವುದಲ್ಲ. ಶಿವಮೊಗ್ಗೆಯಿಂದ ಉಡುಪಿಗೆ ಒಟ್ಟಾರೆ ಇಳಿಜಾರೇ, ಆದರೂ ನಡುವೆ ಆಗುಂಬೆಯ ಎತ್ತರ ಹತ್ತಿಯೇ ಇಳಿಯಬೇಕು. ಕ್ರಿಯಾವರ್ಧಕವೆಂದರೆ ಆ ಎತ್ತರವನ್ನು ತಪ್ಪಿಸುವ ಒಂದು ತಗ್ಗಿನ ದಾರಿ ಇದ್ದಂತೆ. ದಾರಿ ಸುಲಭವಾಗುತ್ತದೆ, ಆದರೆ ಉಡುಪಿ ಇದ್ದಲ್ಲೇ ಇರುತ್ತದೆ.

ಡಿ.ವಿ.ಡಿ.ಯ ವಿಷಯದಲ್ಲಿ ನಡೆದದ್ದು ಇದೇ ಎಂದು ನನ್ನ ಅಭಿಪ್ರಾಯ. ಚಿತ್ರ ಸ್ವಚ್ಛ, ಹಿಂದಕ್ಕೆ ಸುತ್ತುವ ಕಷ್ಟವಿಲ್ಲ, ತಟ್ಟೆ ಅಗ್ಗ. ಜನ ಹೇಗೂ ಅಲ್ಲಿಗೇ ಹೋಗುವವರಿದ್ದರು. ನಡುವೆ ಇದ್ದ ಎತ್ತರವೆಂದರೆ ಬೆಲೆ ಮತ್ತು ಅನುಮಾನ, ಇವೆರಡೇ. ಆಟದ ಪೆಟ್ಟಿಗೆ ಆ ಎತ್ತರವನ್ನು ತಗ್ಗಿಸಿತು.

ಕ್ರಿಯಾವರ್ಧಕಕ್ಕೆ ಎರಡನೆಯ ಗುಣವೂ ಒಂದಿದೆ, ಅದು ಆಯ್ಕೆ. ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಅನಿಲಗಳ ಮಿಶ್ರಣವನ್ನು ನಿಕ್ಕಲ್ ಮೇಲೆ ಹಾಯಿಸಿದರೆ ಮೀಥೇನ್ ಸಿಗುತ್ತದೆ. ಅದನ್ನೇ ತಾಮ್ರ ಮತ್ತು ಸತುವಿನ ಆಕ್ಸೈಡಿನ ಮೇಲೆ ಹಾಯಿಸಿದರೆ ಮೆಥನಾಲ್ ಸಿಗುತ್ತದೆ. ಎರಡು ದಾರಿಗಳೂ ತೆರೆದಿರುವಾಗ ಯಾವುದು ಗೆಲ್ಲಬೇಕೆಂಬುದನ್ನು ಕ್ರಿಯಾವರ್ಧಕ ನಿರ್ಣಯಿಸಬಲ್ಲದು. ಬ್ಲೂ-ರೇ ಕಥೆಯಲ್ಲಿ ಆಟದ ಪೆಟ್ಟಿಗೆ ಮಾಡಿದ್ದು ಈ ಕೆಲಸ.

ಬ್ಲೂ-ರೇ ತಟ್ಟೆಯನ್ನು ಓದುವುದು 405 ನ್ಯಾನೋಮೀಟರಿನ ನೀಲಿ-ನೇರಳೆ ಲೇಸರ್ ಬೆಳಕು. ಸಿ.ಡಿ.ಗೆ 780, ಡಿ.ವಿ.ಡಿ.ಗೆ 650. ರಂಗೋಲಿ ಬಿಡುವವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಎಳೆ ತೆಳುವಾದಷ್ಟೂ ಅದೇ ಅಂಗಳದಲ್ಲಿ ಹೆಚ್ಚು ಚಿತ್ರ ಹಿಡಿಸಬಹುದು. ಬೆಳಕಿನ ಅಲೆ ಕಿರಿದಾದಷ್ಟೂ ಅದರ ಮೊನೆ ಚೂಪಾಗುತ್ತದೆ. ಸಿ.ಡಿ.ಯಲ್ಲಿ ಸಾಲಿನಿಂದ ಸಾಲಿಗೆ 1.6 ಮೈಕ್ರೋಮೀಟರ್ ಅಂತರ, ಡಿ.ವಿ.ಡಿ.ಯಲ್ಲಿ 0.74, ಬ್ಲೂ-ರೇಯಲ್ಲಿ 0.32. ಹೀಗಾಗಿ ಒಂದೇ ಪದರದ ಡಿ.ವಿ.ಡಿ.ಯಲ್ಲಿ 4.7 ಗಿಗಾಬೈಟ್ ಹಿಡಿಸಿದರೆ ಬ್ಲೂ-ರೇಯಲ್ಲಿ 25 ಹಿಡಿಸುತ್ತದೆ. ಈ ನೀಲಿ ಬೆಳಕನ್ನು ಗ್ಯಾಲಿಯಂ ನೈಟ್ರೈಡ್ ಹರಳಿನಿಂದ ಹೊರಡಿಸಲು ವಿಜ್ಞಾನಿಗಳು ದಶಕಗಳ ಕಾಲ ಹೆಣಗಿದರು. ನೀಲಿ ಎಲ್.ಇ.ಡಿ.ಯನ್ನು ಸಾಧಿಸಿದ ಅಕಾಸಾಕಿ, ಅಮಾನೋ, ನಕಾಮುರ ಈ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂತು.

ಅದೇ ನೀಲಿ ಬೆಳಕನ್ನು ಬಳಸಿ ಎರಡು ಪಂಗಡಗಳು ಎರಡು ಬಗೆಯ ತಟ್ಟೆ ಮಾಡಿದವು. ತೋಷಿಬಾದ ಕಡೆ ಎಚ್.ಡಿ. ಡಿ.ವಿ.ಡಿ., ಸೋನಿಯ ಕಡೆ ಬ್ಲೂ-ರೇ. 2006ರಲ್ಲಿ ಎರಡೂ ಕಣಕ್ಕಿಳಿದವು. ತೋಷಿಬಾದ ಪ್ಲೇಯರಿಗೆ 499 ಡಾಲರ್, ಸ್ಯಾಮ್‌ಸಂಗ್‌ನ ಮೊದಲ ಬ್ಲೂ-ರೇ ಪ್ಲೇಯರಿಗೆ ಸಾವಿರ ಡಾಲರ್. ಆ ಲೆಕ್ಕದಲ್ಲಿ ತೋಷಿಬಾ ಗೆಲ್ಲಬೇಕಿತ್ತು. ಆದರೆ ಅದೇ ನವೆಂಬರಿನಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ 3ರ ಪ್ರತಿಯೊಂದು ಪೆಟ್ಟಿಗೆಯೊಳಗೂ ಬ್ಲೂ-ರೇ ಯಂತ್ರವನ್ನಿಟ್ಟು 499 ಮತ್ತು 599 ಡಾಲರಿಗೆ ಮಾರಿತು. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ 360ಕ್ಕೆ ಎಚ್.ಡಿ. ಡಿ.ವಿ.ಡಿ. ಯಂತ್ರವನ್ನು ಬೇರೆಯಾಗಿ 199 ಡಾಲರಿಗೆ ಮಾರಿತು. ಒಂದು ಪೆಟ್ಟಿಗೆಯ ಒಳಗೇ ಇದ್ದದ್ದು, ಇನ್ನೊಂದು ಮೇಲೆ ಕೊಳ್ಳಬೇಕಾದದ್ದು. ಈ ವ್ಯತ್ಯಾಸ ಸಣ್ಣದಲ್ಲ. ಬ್ಲೂ-ರೇ ಬೇಕೆಂದು ಯೋಚಿಸಿಯೂ ಇರದ ಲಕ್ಷಾಂತರ ಮನೆಗಳಲ್ಲಿ ಬ್ಲೂ-ರೇ ಹೋಗಿ ಕುಳಿತಿತ್ತು. 2008ರ ಜನವರಿ 4ರಂದು ವಾರ್ನರ್ ಚಿತ್ರಸಂಸ್ಥೆ ಬ್ಲೂ-ರೇ ಕಡೆ ವಾಲಿತು. ಫೆಬ್ರವರಿ 19ರಂದು ತೋಷಿಬಾ ಸೋಲೊಪ್ಪಿತು. ಗೆದ್ದವರಿಗೂ ಗೆಲುವು ಅಗ್ಗವಾಗಿರಲಿಲ್ಲ. 2006-07ರ ಲೆಕ್ಕವರ್ಷದಲ್ಲಿ ಸೋನಿಯ ಆಟದ ವಿಭಾಗಕ್ಕೆ 23,000 ಕೋಟಿ ಯೆನ್‌ಗೂ ಮಿಕ್ಕ ನಷ್ಟವಾಯಿತು.

ಹಾಗಾದರೆ ಆಟದ ಪೆಟ್ಟಿಗೆ ಏನನ್ನು ಹೊತ್ತು ತಂದರೂ ಮನೆಯವರು ಒಪ್ಪಿಕೊಳ್ಳುತ್ತಾರೆಯೇ? ಇಲ್ಲ. ಅದೇ ಸೋನಿ ತನ್ನ ಕೈಹಿಡಿಯ ಪಿ.ಎಸ್.ಪಿ. ಯಂತ್ರದ ಜೊತೆ 2005ರಲ್ಲಿ ಯು.ಎಂ.ಡಿ. ಎಂಬ ಪುಟ್ಟ ತಟ್ಟೆಯಲ್ಲಿ ಸಿನಿಮಾಗಳನ್ನು ಮಾರಿ ನೋಡಿತು. ಆ ತಟ್ಟೆ ಬೇರಾವ ಯಂತ್ರದಲ್ಲೂ ನಡೆಯುತ್ತಿರಲಿಲ್ಲ, ಜನ ಕೈಬಿಟ್ಟರು. 2010ರಲ್ಲಿ ಪ್ಲೇಸ್ಟೇಷನ್ 3ಕ್ಕೆ ಮೂರು ಆಯಾಮದ ಚಿತ್ರ ತೋರಿಸುವ ಶಕ್ತಿ ಬಂತು. ಆದರೆ ಮನೆಯಲ್ಲಿ ಕನ್ನಡಕ ಹಾಕಿಕೊಂಡು ಟಿ.ವಿ. ನೋಡಲು ಯಾರಿಗೂ ಮನಸ್ಸಿರಲಿಲ್ಲ. 2017ರ ಹೊತ್ತಿಗೆ ದೊಡ್ಡ ತಯಾರಕರೆಲ್ಲ ಅಂಥ ಟಿ.ವಿ.ಗಳನ್ನು ನಿಲ್ಲಿಸಿದ್ದರು. 2013ರ ಎಕ್ಸ್‌ಬಾಕ್ಸ್ ಒನ್ ತಾನು ಇಡೀ ಮನೆಯ ಮನರಂಜನೆಯ ಯಜಮಾನನೆಂದು ಹೇಳಿಕೊಂಡು, ಕೈಸನ್ನೆ ಬಾಯಿಮಾತುಗಳಿಗೆ ಓಗೊಡುವ ಕಿನೆಕ್ಟ್ ಯಂತ್ರವನ್ನು ಕಡ್ಡಾಯವಾಗಿ ಜೊತೆಗಿಟ್ಟು 499 ಡಾಲರಿಗೆ ಬಂತು. ಬರೀ ಆಟವೆಂದು ಬಂದ ಪ್ಲೇಸ್ಟೇಷನ್ 4ಕ್ಕೆ 399. ಮರುವರ್ಷವೇ ಎಕ್ಸ್‌ಬಾಕ್ಸ್ ಆ ಕಡ್ಡಾಯವನ್ನು ಬಿಟ್ಟು ಬೆಲೆ ಇಳಿಸಿತು. ಇನ್ನು 2006ರ ನಿಂಟೆಂಡೋ ವೀ ಪೆಟ್ಟಿಗೆ ಸಿನಿಮಾ ತಟ್ಟೆಯ ಗೋಜಿಗೇ ಹೋಗದೆ 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಬರೀ ನೀರಿಗೆ ಕಪ್ಪು ಪುಡಿ ಹಾಕಿದರೆ ನೊರೆ ಬರುವುದಿಲ್ಲ ಎಂದದ್ದು ಇದಕ್ಕೇ.

ಈಗ ಕರ್ನಾಟಕದ ಕಡೆ ತಿರುಗಿ ನೋಡಿ. ಅಲ್ಲಿ ಕ್ರಿಯಾವರ್ಧಕವೇ ಇಲ್ಲದೆ ಕ್ರಿಯೆ ನಡೆಯಿತು. ತೊಂಬತ್ತರ ದಶಕದ ಕೊನೆಗೆ ನಮ್ಮ ಊರುಗಳಲ್ಲಿ ಹರಡಿದ್ದು ವಿ.ಸಿ.ಡಿ. ಒಂದು ತಟ್ಟೆಯಲ್ಲಿ ಹಿಡಿಸುತ್ತಿದ್ದುದು 74 ನಿಮಿಷ, ಒಂದು ಸಿನಿಮಾಕ್ಕೆ ಎರಡು ಮೂರು ತಟ್ಟೆ. ಮಧ್ಯಂತರದಲ್ಲಿ ಎದ್ದು ತಟ್ಟೆ ಬದಲಾಯಿಸುವುದು ಮನೆಯ ಕಿರಿಯರ ಹಕ್ಕು. ಆಟದ ಪೆಟ್ಟಿಗೆಗೂ ವಿ.ಸಿ.ಡಿ.ಗೂ ನಂಟೇ ಇರಲಿಲ್ಲ, ಪ್ಲೇಸ್ಟೇಷನ್ 2 ಸಹ ವಿ.ಸಿ.ಡಿ. ತೋರಿಸುತ್ತಿರಲಿಲ್ಲ. ಆದರೂ ಮನೆಮನೆಗೆ ಅದು ಬಂತು. ಆಮೇಲೆ 2007ರ ಸುಮಾರಿಗೆ ಮೋಸರ್ ಬೇಯರ್ ಕಂಪನಿ 28 ರೂಪಾಯಿಗೆ ವಿ.ಸಿ.ಡಿ., 34 ರೂಪಾಯಿಗೆ ಡಿ.ವಿ.ಡಿ. ಎಂದು ಸಿನಿಮಾಗಳನ್ನು ಮಾರತೊಡಗಿತು. ಅಣ್ಣಾವ್ರ ಸಿನಿಮಾ ಮನೆಯಲ್ಲೇ ನೋಡಬೇಕೆಂಬ ಆಸೆ, ಕೈಗೆಟುಕುವ ಬೆಲೆ, ಇವೆರಡೇ ಸಾಕಾದವು. ನನ್ನ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಸಿಗುತ್ತದೆ. ನಿಜವಾದ ಹೂವು ಆಟದ ಪೆಟ್ಟಿಗೆಯೂ ಅಲ್ಲ, ಲೇಸರ್ ತಟ್ಟೆಯೂ ಅಲ್ಲ. ಮನೆಮಂದಿ ನೋಡಬೇಕೆಂದು ಬಯಸುವುದು ಏನೋ, ಅದೇ ಹೂವು. ಮಿಕ್ಕದ್ದೆಲ್ಲ ನಾರು. ಒಂದು ನಾರು ಇನ್ನೊಂದನ್ನು ಹೊಸೆದುಕೊಂಡು ಬರುತ್ತದೆ, ಅಷ್ಟೇ.

ಪರದೇಶದ ಕನ್ನಡಿಗರಿಗೆ ಈ ಮಾತು ಇನ್ನಷ್ಟು ಹತ್ತಿರದ್ದು. ನಮ್ಮ ಹಿರಿಯರು ಊರಿನಿಂದ ತಂದ ವಿಡಿಯೋ ಕ್ಯಾಸೆಟ್ಟುಗಳು ಇಲ್ಲಿನ ಯಂತ್ರದಲ್ಲಿ ನಡೆಯುತ್ತಿರಲಿಲ್ಲ, ಅಲ್ಲಿನದು 625 ಗೆರೆಗಳ ಪಾಲ್ ಪದ್ಧತಿ, ಇಲ್ಲಿನದು 525 ಗೆರೆಗಳ ಎನ್.ಟಿ.ಎಸ್.ಸಿ. ಡಿ.ವಿ.ಡಿ. ಬಂದಾಗ ಅಮೆರಿಕ ಒಂದನೆಯ ವಲಯ, ಭಾರತ ಐದನೆಯ ವಲಯ ಎಂದು ಬೇಲಿ ಹಾಕಿದರು. ಬ್ಲೂ-ರೇಯಲ್ಲೂ ನಮಗೆ 'ಎ', ಊರಿಗೆ 'ಸಿ'. ಹೀಗೆ ಪ್ರತಿ ಸಲವೂ ಹೊಸ ತಂತ್ರಜ್ಞಾನ ಇಂಗ್ಲಿಷಿನ ಜೊತೆ ಮುಂಬಾಗಿಲಿನಿಂದ ಬಂದರೆ ಕನ್ನಡ ಹಿತ್ತಿಲ ಬಾಗಿಲಲ್ಲಿ ಕಾಯಬೇಕಾಯಿತು. ಬೇಲಿ ತಗ್ಗಿದ್ದು ಅಂತರ್ಜಾಲದ ಮೂಲಕ ಸಿನಿಮಾ ಹರಿದು ಬರತೊಡಗಿದ ಮೇಲೆ. ಅಲ್ಲಿಯೂ ಆಟದ ಪೆಟ್ಟಿಗೆ ಮುಂದಾಳಾಗಿತ್ತು. ನಮ್ಮ ನೆರೆಯ ಲಾಸ್ ಗ್ಯಾಟೋಸಿನ ನೆಟ್‌ಫ್ಲಿಕ್ಸ್ 2007ರಲ್ಲಿ ಈ ಸೇವೆ ಶುರುಮಾಡಿ, 2008ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್‌ಗೂ ಮರುವರ್ಷ ಪ್ಲೇಸ್ಟೇಷನ್ 3ಕ್ಕೂ ಅದನ್ನು ತಂದಿತು. ನಾನು ಪಿಎಚ್.ಡಿ.ಗೆಂದು ಈ ದೇಶಕ್ಕೆ ಬಂದದ್ದು ಆ 2009ರಲ್ಲೇ. ಜೊತೆಯಲ್ಲಿದ್ದ ಗೆಳತಿಯರ ಪ್ಲೇಸ್ಟೇಷನ್‌ನಲ್ಲಿ ನೆಟ್‌ಫ್ಲಿಕ್ಸ್ ನೋಡಬೇಕಾದರೆ ಮೊದಲು ಒಂದು ತಟ್ಟೆ ಹಾಕಬೇಕಾಗಿತ್ತು. ತಟ್ಟೆಯೇ ಬೇಡವೆನ್ನುವ ತಂತ್ರಜ್ಞಾನಕ್ಕೂ ಒಂದು ತಟ್ಟೆ! ಈಗ ನಮ್ಮ ಮನೆಯಲ್ಲಿ ಮಗ ಶಾಲೆಗೆ ಹೋದಮೇಲೆ ಅವನ ಪೆಟ್ಟಿಗೆ ಅತ್ತೆಯವರ ವಶ. ಹಳೆಯ ಕನ್ನಡ ಸಿನಿಮಾ, ಹರಿಕಥೆ, ಅಡುಗೆ, ಎಲ್ಲವೂ ಯೂಟ್ಯೂಬಿನಲ್ಲಿ. ಆರು ತಿಂಗಳ ವೀಸಾದ ಮೇಲೆ ಬಂದ ಹಿರಿಯರಿಗೆ ಮಧ್ಯಾಹ್ನಗಳನ್ನು ಕಳೆಯುವುದು ಎಷ್ಟು ಕಷ್ಟವೆಂದು ಬಲ್ಲವರೇ ಬಲ್ಲರು. ಮಗನ ವಾದ ಪೂರ್ತಿ ಪೊಳ್ಳಾಗಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಲೇಖನ ಸುಖಾಂತವಾಗುತ್ತಿತ್ತು. ಆದರೆ ಕ್ರಿಯಾವರ್ಧಕಕ್ಕೆ ಮೂರನೆಯ ಗುಣವೊಂದಿದೆ, ಅದನ್ನು ನಾವು ಮರೆಯುತ್ತೇವೆ. ಅದು ಮುಂದಿನ ದಿಕ್ಕಿನ ಕ್ರಿಯೆಯನ್ನು ಎಷ್ಟು ಬೇಗ ಮಾಡಿಸುತ್ತದೆಯೋ ಹಿಂದಿನ ದಿಕ್ಕಿನದನ್ನೂ ಅಷ್ಟೇ ಬೇಗ ಮಾಡಿಸುತ್ತದೆ. ತಟ್ಟೆಯನ್ನು ಮನೆಗೆ ತಂದ ಪೆಟ್ಟಿಗೆಯೇ ಈಗ ಅದನ್ನು ಮನೆಯಿಂದ ಹೊರಗೆ ಸಾಗಹಾಕುತ್ತಿದೆ. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರ ಒಂದು ಮಾದರಿಗೆ, ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ತಟ್ಟೆ ಹಾಕುವ ಬಾಯಿಯೇ ಇಲ್ಲ. 2024ರ ನವೆಂಬರಿನಲ್ಲಿ 700 ಡಾಲರಿಗೆ ಬಂದ ಪ್ಲೇಸ್ಟೇಷನ್ 5 ಪ್ರೋಗೂ ಇಲ್ಲ, ಬೇಕಾದವರು ಬೇರೆ ಕೊಂಡು ಜೋಡಿಸಿಕೊಳ್ಳಬೇಕು. ಸ್ಯಾಮ್‌ಸಂಗ್ 2019ರಲ್ಲೇ ಈ ದೇಶಕ್ಕೆ ಹೊಸ ಬ್ಲೂ-ರೇ ಪ್ಲೇಯರ್ ಮಾಡುವುದನ್ನು ಬಿಟ್ಟಿತು. ನೆಟ್‌ಫ್ಲಿಕ್ಸ್‌ನ ಕೆಂಪು ಲಕೋಟೆಯ ಕೊನೆಯ ತಟ್ಟೆಗಳು 2023ರ ಸೆಪ್ಟೆಂಬರ್ 29ರಂದು ಅಂಚೆಗೆ ಬಿದ್ದವು. ಬೆಸ್ಟ್ ಬೈ ಅಂಗಡಿ 2024ರಲ್ಲಿ ಸಿನಿಮಾ ತಟ್ಟೆಗಳ ಮಾರಾಟ ನಿಲ್ಲಿಸಿತು. ಎಷ್ಟೋ ಮನೆಗಳಲ್ಲಿ ತಟ್ಟೆ ಓದುವ ಕೊನೆಯ ಯಂತ್ರವೆಂದರೆ ಮಕ್ಕಳ ಆಟದ ಪೆಟ್ಟಿಗೆಯೇ. ಮುಂದಿನ ಸಲ ಹೊಸದು ಕೊಂಡಾಗ ಅದೂ ಹೋಗುತ್ತದೆ.

ಇಂಗ್ಲಿಷ್ ಸಿನಿಮಾಗಳಿಗೆ ಇದರಿಂದ ಹೆಚ್ಚು ತೊಂದರೆಯಿಲ್ಲ, ಅವು ಎಲ್ಲಾದರೂ ಸಿಗುತ್ತವೆ. ನನ್ನ ಚಿಂತೆ ಬೇರೆ. ನಮ್ಮ ನಿಮ್ಮ ಮನೆಗಳಲ್ಲಿ ಸೀರೆ ಪೆಟ್ಟಿಗೆಯ ತಳದಲ್ಲಿ ಇನ್ನೊಂದು ಬಗೆಯ ತಟ್ಟೆಗಳಿವೆ. ಮದುವೆ, ಮುಂಜಿ, ನಾಮಕರಣ, ಅಜ್ಜನ ಎಂಬತ್ತನೆಯ ವರ್ಷದ ಶಾಂತಿ. ಇವು ಯಾವ ಯೂಟ್ಯೂಬಿನಲ್ಲೂ ಇಲ್ಲ.

ನನ್ನ ಅಪ್ಪ ದಾವಣಗೆರೆಯಲ್ಲಿ ಹೈಸ್ಕೂಲ್ ಮೇಷ್ಟರಾಗಿದ್ದರು. 2004ರಲ್ಲಿ ನಿವೃತ್ತರಾದ ದಿನ ಶಾಲೆಯಲ್ಲಿ ನಡೆದ ಬೀಳ್ಕೊಡುಗೆ ಸಮಾರಂಭವನ್ನು ಹಳೆಯ ವಿದ್ಯಾರ್ಥಿಗಳು ವಿಡಿಯೋ ಮಾಡಿಸಿ ಎರಡು ವಿ.ಸಿ.ಡಿ.ಗಳಲ್ಲಿ ಕೊಟ್ಟಿದ್ದರು. ಅಪ್ಪ ಈಗಿಲ್ಲ. ನನ್ನ ಮಗ ಹುಟ್ಟುವ ಮೊದಲೇ ತೀರಿಕೊಂಡರು. ಹೋದ ವರ್ಷ ಅಮ್ಮ ಆ ತಟ್ಟೆಗಳನ್ನು ಕಳಿಸಿಕೊಟ್ಟಾಗ ಮಗ ಉತ್ಸಾಹದಿಂದ ತನ್ನ ಪೆಟ್ಟಿಗೆಗೆ ಹಾಕಿದ. ಪೆಟ್ಟಿಗೆ ಅದನ್ನು ಗುರುತಿಸದೆ ಹೊರಕ್ಕೆ ಉಗುಳಿತು. "ಅಮ್ಮಾ, ತಾತ ಇದರಲ್ಲಿ ಬರಲ್ವಂತೆ" ಎಂದ.

ಆ ಮಾತು ಕೇಳಿ ಸುಮ್ಮನಿರಲಾಗಲಿಲ್ಲ. ಹಳೆಯ ಲ್ಯಾಪ್‌ಟಾಪೊಂದನ್ನು ಹುಡುಕಿ ತೆಗೆದು ತಟ್ಟೆ ಹಾಕಿದೆ. ವಿ.ಸಿ.ಡಿ.ಯೊಳಗೆ 'ಎಂಪೆಗ್‌ಎವಿ' ಎಂಬ ಕಡತಕೋಶ ಇರುತ್ತದೆ. ಅದರಲ್ಲಿರುವ 'ಡ್ಯಾಟ್' ಕಡತವೇ ಚಿತ್ರ. ಮೊದಲ ತಟ್ಟೆ ಪೂರ್ತಿ ಇಳಿಯಿತು. ಎರಡನೆಯದರ ಕೊನೆಗೆ ಯಂತ್ರ ತಡವರಿಸಿತು. ಇದಕ್ಕೆ ಕಾರಣ ನನ್ನ ಶಾಸ್ತ್ರದ್ದೇ. ಅಂಗಡಿಯ ಸಿನಿಮಾ ತಟ್ಟೆಯಲ್ಲಿ ಗುಳಿಗಳನ್ನು ಅಚ್ಚೊತ್ತಿರುತ್ತಾರೆ. ಸ್ಟುಡಿಯೋದಲ್ಲೋ ಮನೆಯಲ್ಲೋ ಬರೆದ ತಟ್ಟೆಯಲ್ಲಿ ಅಚ್ಚಿಲ್ಲ, ಸಯನೀನ್, ಥಾಲೋಸಯನೀನ್ ಅಥವಾ ಅಜೋ ಜಾತಿಯ ಒಂದು ತೆಳುವಾದ ಬಣ್ಣದ ಪದರವಿದೆ. ಲೇಸರು ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡಿರುತ್ತದೆ. ಬಿಸಿಲು, ಸೆಕೆ, ತೇವ ತಾಕಿದರೆ ಕಾಲಕ್ರಮದಲ್ಲಿ ಬಣ್ಣ ಮಾಸುತ್ತದೆ, ನಮ್ಮ ಹತ್ತಿ ಸೀರೆಯ ಅಂಚಿನಂತೆ. ಮೇಲಾಗಿ ತಟ್ಟೆಯನ್ನು ಬರೆಯುವುದು ನಡುವಿನಿಂದ ಅಂಚಿನ ಕಡೆಗೆ. ತೇವ ನುಗ್ಗುವುದೂ ಬೆರಳು ತಗಲುವುದೂ ಅಂಚಿಗೇ ಮೊದಲು. ನಮ್ಮ ಸಮಾರಂಭಗಳಲ್ಲಿ ಕೊನೆಗೆ ಬರುವುದು ಏನು? ಸ್ವಾಗತ, ಹಾರ-ತುರಾಯಿ, ಅತಿಥಿಗಳ ಭಾಷಣ, ಎಲ್ಲ ಮುಗಿದ ಮೇಲೆ ಸನ್ಮಾನಿತರ ಎರಡು ಮಾತು. ಅಪ್ಪ ಮಾತಾಡಿದ್ದು ಹನ್ನೆರಡು ನಿಮಿಷ. ಮೂರು ರಾತ್ರಿ ಕೂತು ಮತ್ತೆ ಮತ್ತೆ ಓದಿಸಿದ ಮೇಲೆ ಒಂಬತ್ತು ನಿಮಿಷ ದಕ್ಕಿತು. ಮಗ ತನ್ನ ತಾತನ ಧ್ವನಿಯನ್ನು ಮೊದಲ ಬಾರಿಗೆ ಕೇಳಿದ. ಕೊನೆಯ ಮೂರು ನಿಮಿಷ ಏನು ಹೇಳಿದ್ದರೋ ನನಗೆ ನೆನಪಿಲ್ಲ, ಅಮ್ಮನಿಗೂ ನೆನಪಿಲ್ಲ.

ಆದ್ದರಿಂದ, ಕನ್ಸೋಲ್ ಕೊಡಿಸಬೇಕೇ ಎಂದು ಕೇಳುವ ತಾಯ್ತಂದೆಯರಿಗೆ ನನ್ನ ಉತ್ತರ ಹೀಗೆ. ಮಕ್ಕಳು ಆಡಲಿ ಎಂಬ ಆಸೆಯಿದ್ದರೆ ಆಟಕ್ಕಾಗಿಯೇ ಕೊಡಿಸಿ. ತಂತ್ರಜ್ಞಾನ ಬರುವುದಾದರೆ ಅದಿಲ್ಲದೆಯೂ ಬಂದೇ ಬರುತ್ತದೆ, ಸ್ವಲ್ಪ ತಡವಾಗಿ. ಆದರೆ ಹೊಸ ಪೆಟ್ಟಿಗೆ ಮನೆಗೆ ಬರುವ ದಿನ ಹಳೆಯದನ್ನು ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳುವ ಮೊದಲು, ಅದು ಓದಬಲ್ಲ ತಟ್ಟೆಗಳು ಮನೆಯಲ್ಲಿ ಏನೇನಿವೆ ಎಂದು ಒಮ್ಮೆ ನೋಡಿ. ಕನ್ನಡವನ್ನು ಒಂದು ನಾರಿನಿಂದ ಇನ್ನೊಂದು ನಾರಿಗೆ ಪೋಣಿಸುವ ಕೆಲಸವನ್ನು ಯಾವ ಕಂಪನಿಯೂ ನಮಗಾಗಿ ಮಾಡುವುದಿಲ್ಲ. ಅದು ನಮ್ಮದೇ ಕೆಲಸ.

ಸಂಘದ ಕಾರ್ಯಕಾರಿ ಸಮಿತಿಗೆ ಒಂದು ಸಲಹೆಯನ್ನೂ ಮುಂದಿಡುತ್ತೇನೆ. ಯುಗಾದಿ ಸಮಾರಂಭದ ದಿನ ಸಭಾಂಗಣದ ಒಂದು ಮೂಲೆಯಲ್ಲಿ ಒಂದು ಮೇಜು ಹಾಕಿಸಿಕೊಟ್ಟರೆ ನಮ್ಮವರೂ ನಾನೂ ಹಳೆಯ ಲ್ಯಾಪ್‌ಟಾಪು, ತಟ್ಟೆ ಓದುವ ಎರಡು ಯಂತ್ರ ಹಾಗೂ ಕ್ಯಾಸೆಟ್ಟಿನ ಒಂದು ವಿ.ಸಿ.ಆರ್. ತಂದು ಕೂರುತ್ತೇವೆ. ಸದಸ್ಯರು ತಮ್ಮಲ್ಲಿರುವ ತಟ್ಟೆಗಳನ್ನು ಅಂಚು ಮುಟ್ಟದಂತೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ತರಲಿ. ಜೊತೆಗೆ ಒಂದು ಚೀಟಿಯಲ್ಲಿ ಯಾರ ಸಮಾರಂಭ, ಯಾವ ಊರು, ಯಾವ ಇಸವಿ ಎಂದು ಬರೆದಿರಲಿ. ಎರಡು ಪ್ರತಿ ಮಾಡಿಕೊಡುತ್ತೇವೆ, ಒಂದು ಇಲ್ಲಿಗೆ, ಒಂದು ಊರಿಗೆ. ಭಾಷಣ ಕೊನೆಯಲ್ಲಿರುವ ತಟ್ಟೆಗಳನ್ನು ಮೊದಲು ತನ್ನಿ.